ಕೋಡ್ ಯಂತ್ರ ತರಿಸಿದ ಮಿಸ್ತ್ರಿ

ಅವರ ಬಲಗಿವಿಗೆ ಸದಾ ಗ್ರೀಸ್ ಮೆತ್ತಿಕೊಂಡಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುವುದು ಅವರ ಪದ್ಧತಿ. ಶಿಕಾರಿಪುರದಲ್ಲಿ ಜೀಪು, ಟೆಂಪೊ ಇಟ್ಟವರೆಲ್ಲ "ಮಿಸ್ತ್ರಿ ಕಿವಿ ಕೊಟ್ರೆ ಸಾಕು, ಅರ್ಧ ರಿಪೇರಿ ಆದಂಗೆ" ಎನ್ನುತ್ತಿದ್ದರು.

ನಾನು ಸೊರಬದ ಕಡೆಯ ಜಡೆ ಎಂಬ ಊರಿನ ಸೊಸೆ. ತೊಂಬತ್ತರ ದಶಕದ ಕೊನೆಗೆ ಶಿಕಾರಿಪುರದ ಹೈಸ್ಕೂಲಿಗೆ ಇಂಗ್ಲಿಷ್ ಹೇಳಿಕೊಡಲು ಬಂದೆ. ಗಂಡನ ಕೆಲಸ ಸೊರಬದಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ನಮ್ಮ ಬಾಡಿಗೆ ಮನೆಗೂ ಮಿಸ್ತ್ರಿಯವರ ಶೆಡ್ಡಿಗೂ ನಡುವೆ ಒಂದು ತಗಡಿನ ಗೋಡೆ ಮಾತ್ರ. ಅವರಿಗೆ ಹೆಂಡತಿ ಇರಲಿಲ್ಲ, ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಸೊರಬಕ್ಕೆ ಕೊಟ್ಟಿದ್ದರು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಆದರೆ ನನ್ನ ಮೂರು ವರ್ಷದ ಮಗಳು ತಗಡಿನ ಸಂದಿಯಲ್ಲಿ ನುಸುಳಿ ಹೋದರೆ, ತೊಳೆದ ನಟ್ಟುಗಳನ್ನು ತಟ್ಟೆಯಲ್ಲಿ ಹಾಕಿ ಆಡಲು ಕೊಡುತ್ತಿದ್ದರು.

ಒಂದು ಭಾನುವಾರ ಟವೆಲ್ಲಿನಲ್ಲಿ ಏನೋ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. ಬಿಚ್ಚಿದರೆ ಕೈಯಲ್ಲಿ ಹಿಡಿಯುವಂಥ ಕಪ್ಪು ಯಂತ್ರ. ಸಣ್ಣ ಪರದೆ, ಕೆಲವು ಗುಂಡಿ, ದಪ್ಪನೆಯ ಕೇಬಲ್ಲು. ಗಲ್ಫಿನಲ್ಲಿದ್ದ ಪರಿಚಯದವರಿಂದ ತರಿಸಿದ್ದರಂತೆ.

"ಹೊಸ ಕಾರಿನ ಇಂಜಿನ್ನಿಗೆ ಕಂಪ್ಯೂಟರ್ ಇರ್ತತ್ರಿ ಅಕ್ಕೋರೆ. ಇದನ್ನ ಸ್ಟೇರಿಂಗ್ ಕೆಳಗೆ ಸಿಗಿಸಿದ್ರೆ ಎಲ್ಲಿ ಕೆಟ್ಟೈತಿ ಅಂತ ಕೋಡ್ ನಂಬರ್ ತೋರಿಸ್ತತಿ. ಅರ್ಥ ಈ ಪುಸ್ತಕದಾಗೈತಿ, ಎಲ್ಲಾ ಇಂಗ್ಲಿಷು. ನೀವು ಚೂರು ಓದಿ ಹೇಳ್ಬೇಕು."

ಅಂದಿನಿಂದ ಭಾನುವಾರಗಳು ಆ ಪುಸ್ತಕಕ್ಕೇ ಮೀಸಲಾದವು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಕಣ್ಣು ಮಿಟುಕಿಸದೆ ನನ್ನ ಮುಖ ನೋಡುತ್ತಿದ್ದರು. ತಲೆ ಬಗ್ಗಿಸಿದರೆ "ಈ ಕಡೆ ಮುಖ ಮಾಡಿ ಓದ್ರಿ" ಎನ್ನುತ್ತಿದ್ದರು. ಮೊದಮೊದಲು ನನಗೆ ಮುಜುಗರವಾಗುತ್ತಿತ್ತು. ಕಲಿಯುವ ಆಸೆ ಇರಬೇಕು ಎಂದುಕೊಂಡು ಸುಮ್ಮನಾದೆ.

ಶಿರಾಳಕೊಪ್ಪದ ಜವಳಿ ವ್ಯಾಪಾರಿಯೊಬ್ಬರ ಹೊಸ ಕಾರು ಏರಿನಲ್ಲಿ ಜಗ್ಗುತ್ತಿದೆ ಎಂದು ಬಂದಾಗ ಯಂತ್ರವನ್ನು ಮೊದಲ ಸಲ ಸಿಗಿಸಿದರು. ಮೂರನೆಯ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದು ಕೋಡ್ ಬಂತು. ಅದರ ಕಿಡಿ ಹೊತ್ತಿಸುವ ಪ್ಲಗ್ಗನ್ನು ಎರಡನೆಯ ಸಿಲಿಂಡರಿಗೆ ಬದಲಿಸಿ ಹಾಕಿ, ಗಾಡಿ ಓಡಿಸಿ ಬಂದು ಮತ್ತೆ ನೋಡಿದರು. ಕೋಡ್ ಕೂಡ ಎರಡನೆಯದಕ್ಕೆ ಬಂದಿತ್ತು. ಕೆಟ್ಟದ್ದು ಪ್ಲಗ್ಗು. "ಇದು ಜಾಗ ಹೇಳ್ತತಿ, ಕಾರಣ ಹೇಳಂಗಿಲ್ಲ. ಕಾರಣ ನಾವೇ ಹುಡುಕ್ಬೇಕು" ಎಂದರು. ಅವತ್ತು ಅವರ ಮುಖದಲ್ಲಿ ಕಂಡಂಥ ನೆಮ್ಮದಿಯನ್ನು ನಾನು ಮತ್ತೆ ಕಾಣಲಿಲ್ಲ. ಆದರೆ ಅಂಥ ಕಾರುಗಳು ಶಿಕಾರಿಪುರ, ಸೊರಬ ಎರಡೂ ತಾಲೂಕು ಸೇರಿಸಿದರೂ ಬೆರಳೆಣಿಕೆಯಷ್ಟು. ಇದನ್ನು ಯಾಕೆ ತರಿಸಿದರೋ ಎಂದು ನನಗೆ ಅರ್ಥವಾಗಿರಲಿಲ್ಲ.

ಆ ಹೊತ್ತಿಗೆ ನನ್ನ ಚಿಂತೆಯೇ ಬೇರೆ. ಮಗಳು ಇನ್ನೂ ಒಂದು ಮಾತೂ ಆಡಿರಲಿಲ್ಲ. ಜಡೆಯಲ್ಲಿ ಅತ್ತೆ "ಇವಳಪ್ಪನೂ ತಡವಾಗೇ ಬಾಯಿಬಿಟ್ಟಿದ್ದು, ಸುಮ್ನಿರು" ಎನ್ನುತ್ತಿದ್ದರು. ನಾನೂ ಹಾಗೇ ನಂಬಲು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಮಗಳನ್ನು ಕರೆಯಲು ಶೆಡ್ಡಿಗೆ ಹೋಗಿದ್ದೆ. ಅಂಜನಾಪುರದಿಂದ ಜೀಪೊಂದು ಬಂದಿತ್ತು. ಅದರ ಮಾಲೀಕ ಎಕ್ಸಲೇಟರ್ ಒತ್ತುತ್ತಿದ್ದಂತೆ ಸೈಲೆನ್ಸರ್ ಢಮ್ಮೆಂದು ಸಿಡಿಯಿತು. ನಾನು ಹೌಹಾರಿ ಗೋಡೆಗೆ ಆತುಕೊಂಡೆ. ಮಗಳು ಬೆನ್ನು ಹಾಕಿ ಕೂತು ನಟ್ಟು ಜೋಡಿಸುತ್ತಲೇ ಇದ್ದಳು. ಮಿಸ್ತ್ರಿಯವರು ನನ್ನ ಮುಖ ನೋಡಿದರು, ಮಗುವನ್ನು ನೋಡಿದರು. ಸ್ಪ್ಯಾನರ್ ತೆಗೆದುಕೊಂಡು ಅವಳ ಹಿಂದೆ ನಿಂತು ಖಾಲಿ ಆಯಿಲ್ ಡಬ್ಬಿಗೆ ಜೋರಾಗಿ ಬಡಿದರು. ಅವಳು ತಿರುಗಲಿಲ್ಲ.

"ಅಕ್ಕೋರೆ, ಮಗೀಗೆ ಕಿವಿ ಕೇಳಂಗಿಲ್ಲ. ನಾಳೇನೇ ತೋರಿಸ್ರಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಮಗೆ ಹ್ಯಾಂಗೆ ಗೊತ್ತು? ನೀವೇನು ಡಾಕ್ಟ್ರಾ?" ಎಂದೆ.

ಅವರು ಜೀಪಿನವನ ಕಡೆ ಒಮ್ಮೆ ನೋಡಿದರು. ಅವನು ನಮ್ಮ ಮಾತಿಗೇ ಕಿವಿಗೊಟ್ಟು ನಿಂತಿದ್ದ. ಸುಮ್ಮನಿದ್ದುಬಿಡಬಹುದಿತ್ತು.

"ಅದು ನಿಮ್ಮ ಬಾಯೇ ನೋಡ್ತತಿ, ಕಣ್ಣು ನೋಡಂಗಿಲ್ಲ. ನಾನೂ ಬಾಯೇ ನೋಡದು. ಎರಡು ವರ್ಷ ಆತು, ನನಗೂ ಏನೂ ಸರಿಯಾಗಿ ಕೇಳ್ಸವಲ್ದು. ಈಗ ಸೈಲೆನ್ಸರ್ ಸಿಡಿದಿದ್ದೂ ನಿಮ್ಮ ಮುಖ ನೋಡೇ ತಿಳಿದಿದ್ದು."

ಮರುದಿನವೇ ಮಗಳನ್ನು ಶಿವಮೊಗ್ಗಕ್ಕೆ ಕರೆದೊಯ್ದೆವು, ಅಲ್ಲಿಂದ ಮೈಸೂರಿನ ಕಿವಿ-ಮಾತಿನ ಆಸ್ಪತ್ರೆಗೆ. ಡಾಕ್ಟರು, ಕಿವಿ ಕೇಳದಿರುವುದು ನಿಜ, ಇನ್ನೂ ತಡಮಾಡಿದ್ದರೆ ಮಾತು ಕಲಿಸುವುದು ಬಹಳ ಕಷ್ಟವಾಗುತ್ತಿತ್ತು ಎಂದರು.

ನಾವು ತಿಂಗಳು ಕಳೆದು ಮರಳುವಷ್ಟರಲ್ಲಿ ಶೆಡ್ಡಿನ ಮುಂದೆ ಗಾಡಿಗಳೇ ಇರಲಿಲ್ಲ. ಮಿಸ್ತ್ರಿಗೆ ಕಿವಿ ಹೋಗಿದೆ ಎಂಬ ಸುದ್ದಿ ಜೀಪಿನ ಜೊತೆಗೇ ಊರೆಲ್ಲ ಸುತ್ತಿತ್ತು. ಯಾರೂ ಕೆಟ್ಟದಾಗಿ ಆಡಲಿಲ್ಲ, ಸುಮ್ಮನೆ ಬೇರೆ ಕಡೆ ಹೋದರು. ಅವರು ಬೆಂಚಿನ ಮೇಲೆ ಯಂತ್ರ ಇಟ್ಟುಕೊಂಡು ಕೂತಿದ್ದರು.

"ಕಂಪ್ಯೂಟರ್ ಇಲ್ಲದ ಜೀಪಿಗೆ ಇದನ್ನ ಎಲ್ಲಿ ಸಿಗಿಸ್ಲಿ ಹೇಳ್ರಿ? ನಾಲ್ಕೈದು ವರ್ಷಕ್ಕೆ ಎಲ್ಲಾ ಹೊಸ ಗಾಡಿನೇ ಬರ್ತಾವು, ಅಲ್ಲೀತನ ಕಿವಿ ತಡೀತತಿ ಅಂದ್ಕಂಡಿದ್ದೆ."

"ಅವತ್ತು ಯಾಕೆ ಹೇಳಿದ್ರಿ ಮಿಸ್ತ್ರಿಯವ್ರೆ, ಅವನ ಮುಂದೆ?" ಎಂದೆ.

"ಹೇಳ್ದಿದ್ರೆ ನೀವು ನಂಬ್ತಿದ್ರಾ?" ಎಂದರು.

ಆ ವರ್ಷವೇ ಶೆಡ್ಡು ಬಿಟ್ಟು ಮಗಳ ಮನೆಗೆ ಹೋದರು. ಅವರನ್ನು ಕೊನೆಯ ಸಲ ಕಂಡದ್ದು ಸೊರಬದಲ್ಲಿ. ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು, ತುಂಬ ಇಳಿದುಹೋಗಿದ್ದರು, ಕಿವಿ ಪೂರ್ತಿ ಹೋಗಿತ್ತು. ಕಿವಿಗೆ ಶ್ರವಣಯಂತ್ರ ಹಾಕಿಕೊಂಡಿದ್ದ ನನ್ನ ಮಗಳು ಎದುರಿಗೆ ಹೋಗಿ ನಿಂತು "ಅಜ್ಜ" ಎಂದಳು. ಅವರು ಅವಳ ತುಟಿಯಿಂದ ಅದನ್ನು ಓದಿಕೊಂಡರು. ನನ್ನತ್ತ ತಿರುಗಿದರು.

"ದನಿ ಹೆಂಗೈತ್ರಿ?"

"ಚೆನ್ನಾಗಿದೆ" ಎಂದೆ.

"ಹಂಗಲ್ಲ. ಹೆಂಗೈತಿ ಹೇಳ್ರಿ."

ನಾನು ನಿಧಾನವಾಗಿ, ಅವರಿಗೆ ಕಾಣುವ ಹಾಗೆ ಹೇಳಿದೆ. ಸ್ವಲ್ಪ ದಪ್ಪ ದನಿ. ಮೂಗಿನಿಂದ ಬರುತ್ತದೆ. ಕೊನೆಯ ಅಕ್ಷರ ಅರ್ಧಕ್ಕೇ ನಿಲ್ಲುತ್ತದೆ. ನಾನು ಹೇಳಿ ಮುಗಿಸುವವರೆಗೂ ನೋಡುತ್ತಿದ್ದು, ಆಮೇಲೆ ಕಣ್ಣು ಮುಚ್ಚಿಕೊಂಡರು.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದಾಗ ಮಣ್ಣು ಮಾಡಿ ಮುಗಿದಿತ್ತು. ನನ್ನ ಮಗಳು ಈಗ ಎಲ್ಲವನ್ನೂ ಮಾತಾಡುತ್ತಾಳೆ. ಹೊಸಬರು ಎರಡು ಸಲ ಕೇಳಬೇಕಾಗುತ್ತದೆ, ಅಷ್ಟೆ. ಆ ಮಾತು, ಒಬ್ಬರು ತಮ್ಮ ಅನ್ನ ಬಿಟ್ಟುಕೊಟ್ಟು ಕೊಡಿಸಿದ್ದು ಎಂದು ಅವಳಿಗೆ ಹೇಳಿದ್ದೇನೆ.