ಕಸ್ತೂರಕ್ಕ ಹೇಳಿದ ಆಕಾಶ

ಮೊನ್ನೆ ಸಿಂದಗಿಯ ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆ. ಗಣಿತದ ಮಾಸ್ತರರ ಮೊಬೈಲಿನಿಂದ ಒಂದು ಸದ್ದು ಬಂತು. ಮೊದಲು ಕೊಡಕ್ಕೆ ನೀರು ಬೀಳುವ ಹಾಗೆ ಬುಳುಬುಳು, ಆಮೇಲೆ ತಂತಿ ಎಳೆದಂಥ ಉದ್ದನೆಯ ಒಂದು ರಾಗ. ಕೈಯಲ್ಲಿದ್ದ ರೊಟ್ಟಿಯ ತುತ್ತು ಕೈಯಲ್ಲೇ ಉಳಿಯಿತು. ನಾನು ಏಳು ವರ್ಷದವಳಿದ್ದಾಗ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತಿದ್ದ, ಬಾಹ್ಯಾಕಾಶದ ಧಾರಾವಾಹಿಯೊಂದರ ಸಂಗೀತ ಅದು. “ಹಳೇವೆಲ್ಲಾ ಈಗ ಸಿಗತಾವ್ರಿ ಅಕ್ಕೋರ, ನೋಡಿದ್ರ ನಗಿ ಬರತೈತಿ” ಎಂದರು ಮಾಸ್ತರರು. ನಗೆ ಎಲ್ಲಿಂದ ಬರಬೇಕು! ನಿಮಗೂ ಹೀಗೆ ಯಾವುದೋ ಹಾಳು ಸದ್ದು ಉಣ್ಣುವಾಗ ಬಂದು ಎಲ್ಲಿಗೋ ಎಳೆದೊಯ್ದಿರಬೇಕು. ಬುತ್ತಿ ಮುಚ್ಚಿ, ಧಾರಾವಾಹಿಯ ಕೊಂಡಿ ಕಳಿಸಿರೆಂದು ಅವರಿಗೆ ಹೇಳಿ ತರಗತಿಗೆ ಹೋದೆ.

ಅದನ್ನು ನೋಡಿದ್ದು ನಮ್ಮೂರು ಮಸೂತಿಯ ಮನೆಯಲ್ಲಿ. ಆ ಮನೆ ಈಗ ಇಲ್ಲ. ಕಾಕಾಗಳು ಪಾಲು ಮಾಡಿಕೊಂಡು ಕೆಡವಿದರು, ಈಗ ಅಲ್ಲಿ ಗೊಬ್ಬರದ ಗೋದಾಮಿದೆ. ನನಗೆ ಮಾತ್ರ ಮಣ್ಣಿನ ಮಾಳಿಗೆಯ ತಂಪು, ತೊಲೆಗೆ ತೂಗುಬಿಟ್ಟ ಬೆಳ್ಳುಳ್ಳಿಯ ಘಾಟು, ಕಟ್ಟಿಗೆಯ ಬಾಗಿಲಿದ್ದ ಕಪ್ಪುಬಿಳುಪಿನ ಟಿವಿ, ಎಲ್ಲ ಇದ್ದಲ್ಲೇ ಇವೆ. ಓಣಿಗೆಲ್ಲ ಅದೊಂದೇ ಟಿವಿ. ಹೆಂಗಸರು ತೊಗರಿ ಹಸನು ಮಾಡುವ ಮೊರಗಳನ್ನು ಹಿಡಿದುಕೊಂಡೇ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಧಾರಾವಾಹಿ ಹಿಂದಿಯದು. ಅಪ್ಪನಿಗೆ ಸಂತೆಯ ಹಿಂದಿ ಬರುತ್ತಿತ್ತಾದರೂ ಆ ಹೊತ್ತಿಗೆ ಅವನು ಹೊಲದಲ್ಲಿರುತ್ತಿದ್ದ. ಹೀಗಾಗಿ ಹತ್ತನೆಯ ತರಗತಿಯಲ್ಲಿದ್ದ ನನ್ನಕ್ಕ ಕಸ್ತೂರಿಯೇ ನಮಗೆಲ್ಲ ಬಾಯಿ. ಟಿವಿಯ ಪಕ್ಕ ಮೊಣಕಾಲು ಮಡಚಿ ಕೂತು, ಅವರು ಒಂದು ಮಾತಾಡಿದರೆ ಇವಳು ಒಂದು ಹೇಳುವಳು. ನಕ್ಷತ್ರಗಳ ನಡುವೆ ಹೊರಟ ಜಹಾಜು, ಅದಕ್ಕೊಬ್ಬ ಮೀಸೆಯ ಕಪ್ತಾನ, ಅದನ್ನು ನಡೆಸುವವಳೊಬ್ಬ ಹೆಣ್ಣುಮಗಳು. ಕಪ್ತಾನ ಮುಖ ಗಂಟಿಕ್ಕಿ ಏನೋ ಅಂದರೆ ಅಕ್ಕ, “ಇನ್ನ ಮ್ಯಾಲ ಜಹಾಜದ ಜವಾಬ್ದಾರಿ ಎಲ್ಲಾ ನಿಂದ, ನಾ ನಡುವ ಬರಂಗಿಲ್ಲ ಅನ್ನಾಕತ್ತಾನ” ಎನ್ನುವಳು. “ಅಲ್ಲೆ ರೊಟ್ಟಿ ಯಾರ ಬಡೀತಾರಬೆ?” ಎಂದು ಆಯಿ, ಅಂದರೆ ನಮ್ಮಪ್ಪನ ತಾಯಿ, ಕೇಳಿದರೆ “ಮಷೀನ್ ಬಡಿತೈತಿ ಆಯಿ” ಎಂಬ ಉತ್ತರ ತಯಾರು. “ಎಂಥಾ ಪುಣ್ಯಾತಗಿತ್ತೇರೋ ಯವ್ವಾ!” ಎಂದು ಹೆಂಗಸರು ಮೊರ ನಿಲ್ಲಿಸಿ ಉಸಿರು ಬಿಡುತ್ತಿದ್ದರು. ಜಹಾಜಿನೊಳಗೆ ಜಗಳ ಹತ್ತಿದರೆ ಆಯಿ, “ಆಕಾಶಕ್ಕ ಹೋದ್ರೂ ಎಲ್ಲಾರ ಮನಿ ದ್ವಾಸಿನೂ ತೂತೇ” ಎಂದು ತೀರ್ಪು ಕೊಟ್ಟು ಎಲೆ ಅಡಿಕೆಗೆ ಕೈ ಹಾಕುತ್ತಿದ್ದಳು.

ಅಕ್ಕನಿಗೆ ಬಾಗೇವಾಡಿಯ ಕಾಲೇಜಿಗೆ ಹೋಗಿ ವಿಜ್ಞಾನ ಓದಬೇಕಿತ್ತು. ಅದೇ ಬೇಸಿಗೆಯಲ್ಲಿ ಹೊರ್ತಿಯ ಮಾಮಾ, ನಮ್ಮವ್ವನ ಖಾಸಾ ತಮ್ಮ, ಅವಳನ್ನು ತನಗೆ ಹೆಣ್ಣು ಕೇಳಿಕೊಂಡು ಬಂದ. ಕೆಟ್ಟ ಮನುಷ್ಯನೇನಲ್ಲ, ಬಂದಾಗಲೆಲ್ಲ ನನಗೆ ಬತ್ತಾಸು ತರುತ್ತಿದ್ದ. ಆದರೆ ಅಕ್ಕ ಒಲ್ಲೆನೆಂದು ಎರಡು ದಿನ ಉಣ್ಣಲಿಲ್ಲ. ಅಪ್ಪ ಯಾರ ಮನಸ್ಸನ್ನೂ ಮುರಿಯಲಾರದೆ, “ಚೀಟಿ ಹಾಕೂಣು, ದೇವರು ಹೇಳಿದಂಗ ಆಗಲಿ” ಎಂದ. ನಮ್ಮ ಮನೆಯಲ್ಲಿ ದೊಡ್ಡ ಕೆಲಸವೆಲ್ಲ ಹಾಗೇ ನಡೆಯುತ್ತಿತ್ತು. ಬಾವಿ ತೋಡುವುದಿರಲಿ, ಎತ್ತು ಮಾರುವುದಿರಲಿ, ದೇವರ ಜಗುಲಿಯ ಮೇಲೆ ಎರಡು ಚೀಟಿ ಇಡುವುದು, ಮನೆಯ ಸಣ್ಣ ಕೂಸಿಗೆ ನೀರೆರೆದು ಕರೆತಂದು ಒಂದನ್ನು ಎತ್ತಿಸುವುದು. ಎತ್ತಿದ ಮೇಲೆ ಯಾರೂ ತುಟಿ ಎರಡು ಮಾಡುತ್ತಿರಲಿಲ್ಲ. ಸಣ್ಣವಳು ನಾನು. ಅಕ್ಷರ ಚಂದವೆಂದು ಚೀಟಿ ಬರೆಯುವವಳು ಯಾವಾಗಲೂ ಅಕ್ಕ, ಈ ಸಲವೂ ಅವಳ ಕೈಯಲ್ಲೇ ಬರೆಸಿದರು. ಸೋಮವಾರ ಎತ್ತಿಸುವುದೆಂದಾಯಿತು.

ಅದರ ಹಿಂದಿನ ದಿನ ಭಾನುವಾರ. ಧಾರಾವಾಹಿಯಲ್ಲಿ ಆ ಹೆಣ್ಣುಮಗಳ ಮದುವೆ. ಜಹಾಜು ಹಸಿರು ನೆಲವೊಂದಕ್ಕೆ ಇಳಿದಿತ್ತು. ಅವಳು ಬಿಗಿ ಉಡುಪು ಬಿಚ್ಚಿಟ್ಟು ಜರಿ ಸೀರೆ ಉಟ್ಟಿದ್ದಳು, ಕೈ ತುಂಬ ಬಳೆ, ಮೇಲಿನಿಂದ ತಾವೇ ತೇಲಿ ಬರುವ ಹೂಗಳು. ಕಪ್ತಾನನೇ ಮದುಮಗ. “ಏನಂದಳಬೆ, ಏನಂದಳ?” ಎಂದು ಹೆಂಗಸರು ಕೇಳಿಯೇ ಕೇಳಿದರು. ಅಕ್ಕ ಅವತ್ತು ಒಂದು ಮಾತೂ ಹೇಳಿಕೊಡಲಿಲ್ಲ. “ಹೇಳೂದೇನೈತಿ, ಕಾಣಾಕತ್ತೈತಲ್ಲ” ಎಂದು ಎದ್ದು ಒಳಗೆ ಹೋದಳು. ನಾನು ಬಾಯಿ ತೆರೆದುಕೊಂಡು ಆ ಹೂಗಳನ್ನೇ ನೋಡುತ್ತಿದ್ದೆ. ನಮ್ಮ ಮನೆಯಲ್ಲೂ ಮದುವೆ ಆಗಬೇಕು, ನಾನೂ ಜರಿಯ ಲಂಗ ಹಾಕಬೇಕು ಎಂಬ ಹುಚ್ಚು ಹಿಡಿಯಿತು.

ಮರುದಿನ ನನಗೆ ತಲೆ ಬಾಚುವಾಗ ಅಕ್ಕ ಕಿವಿಯಲ್ಲಿ, “ತಂಗಿ, ಬ್ಯಾಡ ಅಂತ ಬರದ ಚೀಟಿದು ಮೂಲಿ ಮಡಚೇನಿ. ಅದನ್ನ ಎತ್ತು. ನನ್ನ ಬದುಕು ನಿನ್ನ ಕೈಯಾಗೈತಿ” ಎಂದಳು. ಹೂಂ ಅಂದೆ. ಜಗುಲಿಯ ಮುಂದೆ ನಿಂತೆ. ಮೂಲೆ ಮಡಚಿದ ಚೀಟಿ ನನ್ನ ಬಲಗೈಗೇ ಇತ್ತು, ಚೆನ್ನಾಗಿ ಕಂಡಿತ್ತು. ನಾನು ಇನ್ನೊಂದನ್ನು ಎತ್ತಿದೆ. ಅಪ್ಪ ಓದಿ “ಆಗಲಿ ಅಂತ ಬಂತು” ಎಂದ, ಆಯಿ ಸಕ್ಕರೆ ಹಂಚಿದಳು. ಅಕ್ಕ ನನ್ನನ್ನು ಒಂದು ಸಲ ನೋಡಿದಳು, ಅಷ್ಟೇ. ಮದುವೆಗೆ ನನಗೆ ಜರಿಯ ಲಂಗ ಹೊಲಿಸಿದರು.

ವರ್ಷದೊಳಗೆ ಅವಳಿಗೆ ಕುಬುಸ ಮಾಡಿ ಚೊಚ್ಚಲ ಹೆರಿಗೆಗೆ ತವರಿಗೆ ಕರೆತಂದರು. ಹಸಿರು ಸೀರೆ ಉಟ್ಟು ಕೂತಿದ್ದವಳ ಬಗಲಿಗೆ ಹೋಗಿ, “ಯಕ್ಕಾ, ಆ ಚೀಟಿ...” ಎಂದೆ. “ಯಾವ ಚೀಟಿ? ನನಗ ನೆಪ್ಪಿಲ್ಲ ಬಿಡ” ಎಂದು ತನ್ನ ತಾಟಿನ ಹೋಳಿಗೆಯನ್ನು ಮುರಿದು ನನ್ನ ಬಾಯಿಗಿಟ್ಟಳು. ಇಪ್ಪತ್ತು ದಿನಕ್ಕೆ ಹೆರಿಗೆಯ ಬ್ಯಾನಿ ಎದ್ದವು. ಸೂಲಗಿತ್ತಿ ಕೈ ಚೆಲ್ಲಿದ ಮೇಲೆ ಯಾರದೋ ಜೀಪು ತಂದರು. ಬಾಗೇವಾಡಿ ಮುಟ್ಟುವ ಮೊದಲೇ, ಕಾಲೇಜಿಗೆ ಹೋಗಬೇಕೆಂದಿದ್ದ ಆ ದಾರಿಯಲ್ಲೇ ಅವಳ ಜೀವ ಹೋಯಿತು. ಕೂಸೂ ಉಳಿಯಲಿಲ್ಲ.

ಮಾಸ್ತರರು ಕಳಿಸಿದ ಕಂತುಗಳನ್ನು ಈ ವಾರವೆಲ್ಲ ಕೂತು ನೋಡಿದೆ. ಈಗ ನಾನು ಹಿಂದಿ ಕಲಿಸುವವಳು, ಯಾರೂ ಹೇಳಿಕೊಡಬೇಕಿಲ್ಲ. ಹೆಸರಿಗೆ ಮುನ್ನೂರು ವರ್ಷದ ಮುಂದಿನ ಕಥೆ! ಕಪ್ತಾನನ ಕುರ್ಚಿಯ ಬೆನ್ನಿಗೆ ಕಚೇರಿಯ ಸಾಹೇಬರದಂಥದೇ ಟವೆಲ್ಲು. ಗ್ರಹಕ್ಕೆ ಇಳಿಯಲೂ ಅರ್ಜಿ, ಸಹಿ, ಸಿಕ್ಕೆ. ಅನ್ಯಲೋಕದವರು ನಮ್ಮ ರೇಷನ್ ಅಂಗಡಿಯ ಮುಂದಿನಂತೆ ಸಾಲುಗಟ್ಟಿ ನಿಂತಿದ್ದಾರೆ. ಕೇಬಲ್ ಬಂದ ಕಾಲದ ಇಂಥದೇ ಇನ್ನೊಂದು ಧಾರಾವಾಹಿ ಸಿಕ್ಕಿತು, ಅದರಲ್ಲಿ ಎಲ್ಲರೂ ಗ್ರಹಗಳನ್ನು ಸೈಟಿನಂತೆ ಕೊಳ್ಳುವವರೇ. ಈಗಿನ ಮಕ್ಕಳು ನೋಡುವುದರಲ್ಲಿ ರೋಗಕ್ಕೆ ಹೆದರಿ ಬಾಗಿಲು ಹಾಕಿಕೊಂಡ ಜನ, ಗೋಡೆಗೊಂದು ಕ್ಯಾಮೆರಾ. ಇವನ್ನು ಬರೆದ ಯಾವ ಗಂಡಸೂ ನಾಳೆಯನ್ನು ನೋಡಿ ಬಂದಿಲ್ಲ, ತಮ್ಮ ತಮ್ಮ ಮನೆಯನ್ನೇ ಆಕಾಶಕ್ಕೆ ಎತ್ತಿ ಇಟ್ಟಿದ್ದಾರೆ. ನನ್ನ ಎದೆ ಒಡೆದದ್ದು ಮಾತ್ರ ಬೇರೆ ಕಾರಣಕ್ಕೆ. ಗಂಟಿಕ್ಕಿದ ಮುಖದ ಕಪ್ತಾನ ಆ ಹೆಣ್ಣುಮಗಳಿಗೆ ಹೇಳುತ್ತಿದ್ದುದು, “ಪಕ್ಕಕ್ಕೆ ಸರಿ, ಇದು ನಿನ್ನ ಕೈಲಾಗದು, ಎಲ್ಲರಿಗೂ ಚಹಾ ತಾ” ಎಂದು. ಕಂತು ಕಂತಿನಲ್ಲೂ ಅಷ್ಟೇ. ಜಹಾಜದ ಜವಾಬ್ದಾರಿ ಅವಳಿಗೆ ಕೊಟ್ಟವಳು ನಮ್ಮಕ್ಕ. ನಾವು ಮೊರ ನಿಲ್ಲಿಸಿ ಕೇಳುತ್ತಿದ್ದ ಆ ಮುಂದಿನ ಕಾಲವನ್ನೆಲ್ಲ ಹದಿನಾರರ ಹುಡುಗಿಯೊಬ್ಬಳು ಕೂತಲ್ಲೇ ಕಟ್ಟಿ ಹೇಳುತ್ತಿದ್ದಳು. ಅಂಥವಳನ್ನು ನಾನು ಒಂದು ಲಂಗಕ್ಕಾಗಿ ಕೊಟ್ಟುಬಿಟ್ಟೆ, ಸುಡಲಿ ನನ್ನ ಬುದ್ಧಿ.

ಅವ್ವ ಈಗ ನನ್ನ ಜೊತೆಗಿದ್ದಾಳೆ. ನಿನ್ನೆ ಸಂಜೆ ಹತ್ತಿಯ ಬತ್ತಿ ಹೊಸೆಯುತ್ತ ಕೂತಿದ್ದವಳ ಮುಂದೆ ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಿದೆ. ಮೂಲೆ ಮಡಚಿದ ಚೀಟಿಯನ್ನು ಬೇಕೆಂದೇ ಬಿಟ್ಟೆ ಎಂದೆ. ಬೈಯುತ್ತಾಳೆಂದುಕೊಂಡಿದ್ದೆ.

“ಗೊತ್ತೈತಿ” ಎಂದಳು. “ಅವತ್ತ ಮಧ್ಯಾಹ್ನ ಅಕಿನ ಬಂದು ಹೇಳಿದ್ಲು. ತಂಗಿಗಿ ಏನೂ ಅನಬ್ಯಾಡವ್ವ, ಸಣ್ಣಾಕಿ. ನೀ ಒಂದ ಮಾತು ಅಪ್ಪಗ ಹೇಳು, ನೀ ಹೇಳಿದ್ರ ಕೇಳತಾನ ಅಂತ ಕಾಲು ಹಿಡಕೊಂಡ್ಲು.”

“ಹೇಳಿದೇನಬೆ?”

“ಇಲ್ಲ. ಕೇಳಿ ಬಂದಾಂವ ನನ್ನ ತಮ್ಮ.”

ಅವಳ ಬೆರಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ, ಕಣ್ಣು ಮಾತ್ರ ಸುರಿಯುತ್ತಿದ್ದವು. ಇಷ್ಟು ವರ್ಷ ಒಂದೇ ಸೂರಿನಡಿ ಉಂಡು ಮಲಗಿ, ಅಕ್ಕನನ್ನು ಕೊಂದವಳು ತಾನೊಬ್ಬಳೇ ಎಂದು ನಾವಿಬ್ಬರೂ ಬೇರೆ ಬೇರೆ ಅತ್ತಿದ್ದೆವು.