ಬಸಮ್ಮನ ಅಂಗಡಿಯಲ್ಲಿ ಚೀಲ ನಿಲ್ಲುತ್ತಿರಲಿಲ್ಲ

ಸಂತೆಕಲ್ಲೂರಿನಿಂದ ಬಂದ ಜೋಳವನ್ನು ಇವತ್ತು ಬೆಳಿಗ್ಗೆ ಲಿಂಗಸುಗೂರಿನ ನಮ್ಮ ಮನೆಯಲ್ಲಿ ಡಬ್ಬಿಗೆ ಸುರಿಯುತ್ತಿದ್ದೆ. ಸಣಬು, ಧೂಳು, ಎಂದೋ ತುಂಬಿದ್ದ ಭತ್ತ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಖಾಲಿಯಾದ ಗೋಣಿಚೀಲದ ಮೇಲೆ ಅಂಗೈಯಗಲದ ತೇಪೆ, ಸುತ್ತ ನೀಲಿ ನೈಲಾನ್ ದಾರದ ಹೊಲಿಗೆ. ಇದು ಮಸ್ಕಿಯ ಬಸಮ್ಮನ ಕೈಯದೇ.

ನಾನು ಮಸ್ಕಿಯಲ್ಲಿ ವರದಿಗಾರನಾಗಿದ್ದಾಗ ನನ್ನ ಕೋಣೆಯ ಕೆಳಗೆ ಆಕೆಯ ಹಳೇ ಚೀಲದ ಅಂಗಡಿ ಇತ್ತು. ಕೆಲಸಕ್ಕೆ ನಾಲ್ವರು ಹೆಂಗಸರು, ನಾಲ್ಕು ದಬ್ಬಣ. ಬಂಡವಾಳ ಎಂದರೆ ಒಂದು ಲೋಡ್ ಚೀಲ ಕೊಳ್ಳುವಷ್ಟು ರೊಕ್ಕ, ಅಷ್ಟೇ. ಅದು ಎಲ್ಲಾದರೂ ಸಿಕ್ಕಿಕೊಂಡರೆ ಅಂಗಡಿಗೆ ಬೀಗ. ಹಾಗಾಗಿ ಆಕೆಯದೊಂದು ಕಟ್ಟುನಿಟ್ಟಿನ ಪದ್ಧತಿ: ಹೊಲಿದ ಚೀಲ ಬೇಕೆಂದವರು ರೊಕ್ಕದ ಜೊತೆ ಹರಿದ ಚೀಲಗಳನ್ನೂ ತರಬೇಕು. ವ್ಯಾಪಾರ ಮಾಡಿ ಕಸ ಮನೆಗೆ ತರುತ್ತಾಳಲ್ಲ ಎಂದು ನಾನು ನಕ್ಕಿದ್ದೆ. ಆ ಕಸವೇ ಮುಂದಿನ ವಾರದ ಸರಕು ಎಂದು ಹೊಳೆಯಲು ನನಗೆ ಒಂದು ಸುಗ್ಗಿ ಬೇಕಾಯಿತು.

ಆ ಸುಗ್ಗಿಯಲ್ಲಿ ಸಿಂಧನೂರಿನ ಕಡೆ ಚೀಲದ ಅಭಾವ. ವರದಿ ಬರೆದವನು ನಾನೇ. ಆ ಹುಮ್ಮಸ್ಸಿನಲ್ಲಿ ಕೆಳಗಿಳಿದು ಉಪದೇಶಕ್ಕೂ ನಿಂತೆ.

"ಅಕ್ಕಾ, ಹದಿನೈದು ದಿನ ಮಾರಬ್ಯಾಡ್ರಿ. ರೇಟು ಡಬಲ್ ಆಗ್ತದ. ಲಿಂಗಸುಗೂರಿನ ಸಾವ್ಕಾರ ಆಗಲೇ ಗೋದಾಮು ತುಂಬ್ಯಾನ."

"ಅವ ತುಂಬಲಿ ತಮ್ಮಾ. ನನ್ನ ರೊಕ್ಕ ಮೂಲ್ಯಾಗ ಕುಂತ್ರ ಈ ಹೆಣ್ಮಕ್ಕಳು ಏನು ಹೊಲೀಬೇಕು? ನಿನ್ನ ಪೇಪರ್ ಹೊಲೀಬೇಕೇನು?"

"ಅದಕ್ಕ ದಬ್ಬಣ ಯಾಕಕ್ಕಾ, ಗೋಂದು ಸಾಕು," ಎಂದಳು ಹೊಲಿಯುತ್ತಿದ್ದವಳೊಬ್ಬಳು. ಎಲ್ಲರೂ ನಕ್ಕರು.

ಬಸಮ್ಮ ಮಾತ್ರ ನಗಲಿಲ್ಲ. "ದಢೇಸುಗೂರಿನಾಗ ಭತ್ತದ ರಾಶಿ ಬಿದ್ದದ, ಮ್ಯಾಲ ಮೋಡ ಆಗ್ಯಾವ. ಮೋಡಕ್ಕ ಹದಿನೈದು ದಿನ ಬಿಟ್ಟು ಬರ್ರಿ ಅನ್ನಲೇನು?"

ಅಂದೇ ಟಂಟಂ ಗಾಡಿ ತುಂಬ ಚೀಲ ಹೋದವು, ಎಂದಿನ ದರಕ್ಕೇ. ಸಂಜೆ ಅದೇ ಟಂಟಂ ಹರಿದ ಚೀಲ ಹೊತ್ತು ಮರಳಿತು. ಹೊಲಿದರು, ಕಳಿಸಿದರು, ಮತ್ತೆ ಹರಿದವು ಬಂದವು. ಒಂದು ಚೀಲಕ್ಕೆ ಆಕೆಗೆ ಉಳಿಯುತ್ತಿದ್ದುದು ಚೂರುಪಾರು. ಆದರೆ ಹದಿನೈದು ದಿನದಲ್ಲಿ ಅದೇ ರೊಕ್ಕ ನಾಲ್ಕು ಸಲ ಹೊರಗೆ ಹೋಗಿ, ಪ್ರತಿ ಸಲವೂ ತುಸು ದಪ್ಪಗಾಗಿ ಮನೆಗೆ ಬಂದಿತ್ತು. ಅಷ್ಟರಲ್ಲಿ ಸಿಂಧನೂರಿಗೆ ಲಾರಿಗಟ್ಟಲೆ ಹೊಸ ಚೀಲ ಬಂದಿಳಿದವು, ದರ ಕುಸಿಯಿತು. ಸಾವ್ಕಾರನ ಗೋದಾಮಿನ ಚೀಲಗಳು ಇಲಿಗಳಿಗೆ ಹಾಸಿಗೆಯಾದವು.

ಲಾರಿ ಬರದಿದ್ದರೆ ನನ್ನ ಲೆಕ್ಕವೇ ಸರಿಯಾಗುತ್ತಿತ್ತೇನೋ. ವರದಿಗಾರನಾಗಿ ಇದನ್ನೂ ಹೇಳಬೇಕು. ಆದರೆ ಆ ಹದಿನೈದು ದಿನ ನಾಲ್ವರ ಕೂಲಿ ಎಲ್ಲಿಂದ ಬರಬೇಕಿತ್ತು ಎಂದು ನಾನು ಕೇಳಿಯೇ ಇರಲಿಲ್ಲ. ಬಸಮ್ಮ ಮೊದಲು ಕೇಳಿದ್ದೇ ಅದನ್ನು.

ಇವತ್ತು ಖಾಲಿ ಚೀಲ ಮಡಚಿ ಅಟ್ಟದ ಮೇಲಿಡಲು ಹೋದೆ. ಅಲ್ಲಿ ನೋಡಿದರೆ ವರ್ಷಗಳಿಂದ ಕೂಡಿಟ್ಟ ಇನ್ನೂ ಮೂವತ್ತು. ಬಸಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಹರಿದಾವೇನು?"

"ಒಂದಿಷ್ಟು ಹರಿದಾವ್ರೀ ಅಕ್ಕಾ."

"ಮತ್ತ ಯಾಕ ಇಟ್ಟೀ? ಬಸ್ಸಿಗೆ ಹಾಕು."

ಮಧ್ಯಾಹ್ನದ ಮಸ್ಕಿ ಬಸ್ಸಿಗೆ ಕಟ್ಟು ಏರಿಸಿದೆ. "ಖಾಲಿ ಚೀಲಕ್ಕೂ ಲಗೇಜ್ ರೊಕ್ಕ ಹತ್ತತದ್ರೀ," ಎಂದ ಕಂಡಕ್ಟರ್. ಕೊಟ್ಟೆ. ಇಷ್ಟು ವರ್ಷ ಅವು ಅಟ್ಟದ ಮೇಲೆ ಪುಕ್ಕಟೆ ಕುಳಿತಿವೆ ಎಂದುಕೊಂಡಿದ್ದೆ.