ಅತ್ತೆ ದಾಟಿದ ನಿಂಬೆಹೋಳು

ನಮ್ಮೂರು ಹೊಳಲಿನಲ್ಲಿ ಕೇಳಿದರೆ, ಮದ್ದೂರಿನ ಯೇಸು ಪ್ರಾರ್ಥನೆಯವರು ನನ್ನ ಸೋದರತ್ತೆಯ ತಲೆ ಕೆಡಿಸಿದರು ಎನ್ನುತ್ತಾರೆ. ಪ್ರಾರ್ಥನೆಯವರನ್ನು ಕೇಳಿದರೆ, ಅತ್ತೆಯ ಮೈಯಿಂದ ದೆವ್ವ ಕಿರುಚಿಕೊಂಡು ಓಡಿತು ಎನ್ನುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಅತ್ತೆಯ ತಲೆ ನೆಟ್ಟಗೇ ಇತ್ತು. ಕಿರುಚಿದ್ದನ್ನು ಕಿವಿಯಾರೆ ಕೇಳಿದವರು ನನಗಂತೂ ಸಿಕ್ಕಿಲ್ಲ. ಇಂಥ ಮಾತುಗಳನ್ನೆಲ್ಲ ಮಂಡ್ಯದ ಚರ್ಚಾಸ್ಪರ್ಧೆಗಳಲ್ಲಿ ಪುಡಿ ಮಾಡಿ ಶೀಲ್ಡು ಗೆದ್ದು ಬಂದವನು ನಾನು. ಹಾಗಾಗಿ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ಮಗಳೊಂದಿಗೆ ನಮ್ಮ ಮನೆಗೇ ಬಂದಳು. ಯಾರೋ ನಿವಾಳಿಸಿ ಎಸೆದ ನಿಂಬೆಹೋಳನ್ನು ದಾಟಿಯೇ ಮಾವ ಸತ್ತರೆಂದು ಊರಿನವರು ಅವಳ ಕಿವಿಗೆ ಹಾಕಿದ್ದರು. ಅಂದಿನಿಂದ ತೋಳಿಗೆ, ಕೊರಳಿಗೆ, ಸೊಂಟಕ್ಕೆ ತಾಯಿತ. ಅಮಾವಾಸ್ಯೆ ಬಂದರೆ ಹೊಸಿಲು ದಾಟುತ್ತಿರಲಿಲ್ಲ. ನನಗೆ ರಾಗಿರೊಟ್ಟಿ ತಟ್ಟುತ್ತಾ ತಟ್ಟುತ್ತಾ ಬೆಚ್ಚಿ ಹಿಂದೆ ನೋಡುವಳು. ಆ ಒಲೆಯ ಮುಂದಿನ ಬೆಳಗುಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಅಂಥವಳು ಗೆಳತಿಯೊಬ್ಬಳ ಜೊತೆ ಮದ್ದೂರಿನ ಪ್ರಾರ್ಥನೆಗೆ ಹೋಗತೊಡಗಿದಳು. ಒಂದು ದಿನ ತಾಯಿತಗಳನ್ನೆಲ್ಲ ತಾನೇ ಕತ್ತರಿಸಿ ಒಲೆಗೆ ಹಾಕಿದಳು.

ಅಪ್ಪ ಕೆರಳಿದರು. "ಇನ್ನೊಂದ್ಸಲ ಅಲ್ಲಿಗೆ ಕಾಲಿಟ್ರೆ ಈ ಮನೆ ಬಾಗ್ಲು ಮುಚ್ತು ಅಂತ ತಿಳ್ಕೊ" ಎಂದು ತಂಗಿಗೆ ಹೇಳಿಬಿಟ್ಟರು. ಅವಳನ್ನು ಮಾತಿನಲ್ಲಿ ಸೋಲಿಸಿ ತಡೆಯುವ ಕೆಲಸ ನನ್ನ ಪಾಲಿಗೆ ಬಂತು.

ಆ ಭಾನುವಾರ ಬೆಳಿಗ್ಗೆ ಬಸ್ಸಿಗೆ ಹೊರಟವಳ ಬೆನ್ನುಬಿದ್ದೆ. "ಒಂದು ಬಯ ಬುಟ್ಟು ಇನ್ನೊಂದು ಇಡ್ಕೊಂಡೆ ಅಷ್ಟೆಯ ಅತ್ತೆ. ಆಗ ದೆವ್ವ, ಈಗ ನರಕ."

"ಬಯ ನಾನು ಬುಡ್ಲಿಲ್ಲ ಕಣ್ಲಾ, ಯೇಸಪ್ಪ ಬುಡುಸ್ದ. ಸೀಲ್ಡು ಗೆದ್ದೋನ್ಗೆ ಇದೆಲ್ಲ ತಿಳಿಯಕಿಲ್ಲ ಬುಡು" ಎಂದು ನಕ್ಕು ಅವಳು ಬಿರಬಿರನೆ ಮುಂದೆ ನಡೆದಳು.

ಮೂರು ದಾರಿ ಕೂಡುವ ಕಡೆ ಕುಂಕುಮ ಹಚ್ಚಿದ ನಿಂಬೆಹೋಳು, ಒಣಮೆಣಸಿನಕಾಯಿ ಬಿದ್ದಿದ್ದವು. ಅತ್ತೆ ಸಲೀಸಾಗಿ ದಾಟಿ ಹೋದಳು. ಹಿಂದೆಯೇ ನಾನೂ ಕಾಲೆತ್ತಲು ಹೋದೆ. ಕಾಲು ಏಳಲಿಲ್ಲ. ಅಂಥವನ್ನು ಬೇಕೆಂದೇ ಒದ್ದು ನಡೆದವನು ನಾನು. ಹೆದರಿಕೆ ಇರಲಿಲ್ಲ, ಜೋಮೂ ಹಿಡಿದಿರಲಿಲ್ಲ. ಕಾಲು ಬೇರೆ ಯಾರದ್ದೋ ಎನ್ನುವ ಹಾಗೆ ನಿಂತಿತ್ತು. ಕೂಗೋಣವೆಂದರೆ ದನಿಯೇ ಹೊರಡಲಿಲ್ಲ.

ಅಷ್ಟು ದೂರ ಹೋಗಿದ್ದ ಅತ್ತೆ ಥಟ್ಟನೆ ನಿಂತಳು. ತಿರುಗಲಿಲ್ಲ. ಸೆರಗನ್ನು ತಲೆಯ ಮೇಲೆಳೆದುಕೊಂಡು ಪ್ರಾರ್ಥನೆಗೆ ನಿಂತವರಂತೆ ತಲೆ ತಗ್ಗಿಸಿದಳು. ನನ್ನ ಕಾಲು ಸಡಿಲವಾಯಿತು. ಚಿಕ್ಕವನಿದ್ದಾಗ ಅವಳ ಕೈ ಹಿಡಿದು ಕಾಲುವೆ ಹಾರುತ್ತಿದ್ದೆನಲ್ಲ, ಅಷ್ಟು ಹಗುರವಾಗಿ ದಾಟಿಬಿಟ್ಟೆ.

"ಬಿರ್ನೆ ಬಾ ಮಗ, ಬಸ್ಸು ಓಯ್ತದೆ" ಎಂದಳು, ಮುಂದೆ ನೋಡುತ್ತಲೇ.

ಅವಳನ್ನು ಬಸ್ಸು ಹತ್ತಿಸಿ ಮನೆಗೆ ಬಂದವನೇ "ಅತ್ತೆ ಓಗ್ಲಿ ಬುಡಪ್ಪ" ಎಂದೆ. ಅಪ್ಪ ಕಾರಣ ಕೇಳಿದರು. "ಕಾರಣ ಕೇಳ್ಬ್ಯಾಡ" ಎಂದೆ. ನನ್ನ ಮುಖವನ್ನೊಮ್ಮೆ ನೋಡಿ ಅವರು ಹೊರಗೆ ನಡೆದರು. ಅತ್ತೆಗೆ ಬಾಗಿಲು ಮುಚ್ಚಲಿಲ್ಲ.

ನಾನು ಇಂದಿಗೂ ಪ್ರಾರ್ಥನೆಗೆ ಹೋದವನಲ್ಲ. ನರ, ಮನಸ್ಸು, ಬಾಲ್ಯದ ಭಯ, ಎಲ್ಲ ವಿವರಣೆಗಳನ್ನೂ ಹೂಡಿ ನೋಡಿದ್ದೇನೆ. ನನ್ನ ಕಾಲು ನಿಂತದ್ದಕ್ಕೆ ಯಾವುದೋ ಒಂದು ಹೊಂದಬಹುದು. ಅವಳು ನಿಂತದ್ದಕ್ಕೆ ಯಾವುದೂ ಹೊಂದುವುದಿಲ್ಲ. ಮೊನ್ನೆ ಮಳವಳ್ಳಿಗೆ, ಅವಳ ಮಗಳ ಮನೆಗೆ ಹೋದಾಗ ಕೊನೆಗೂ ಕೇಳಿಬಿಟ್ಟೆ:

"ನಾನು ಕೂಗ್ಲಿಲ್ಲ, ನೀನು ತಿರುಗಿ ನೋಡ್ಲಿಲ್ಲ. ನನ್ನ ಕಾಲು ಕಟ್ಟೋಯ್ತು ಅಂತ ನಿಂಗೆ ಎಂಗೆ ಗೊತ್ತಾಯ್ತು ಅತ್ತೆ?"